ಒಂದು ಗೇಣು ಮರಳು

ಹೋದ ವರ್ಷ ಬೇಸಿಗೆ ರಜೆ ಶುರುವಾದ ವಾರ. ಪಡಸಾಲೆಯಲ್ಲಿ ಕುಳಿತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದೆ. ಮಧ್ಯಾಹ್ನ ಹನ್ನೆರಡೂವರೆ ಇರಬೇಕು, ಫೋನ್ ಬಂತು. ಕೈಯೆಲ್ಲ ಅಂಟು, ಬಗ್ಗಿ ಕಿವಿಗೊಟ್ಟೆ. ಗುಡ್ಡದ ಕ್ಯಾಂಪಿನಿಂದ ಮೇಷ್ಟ್ರು.

"ಗೌರಮ್ಮನೋರೇ, ನಿವೇದಿತಾ ಕಾಣ್ತಿಲ್ಲ. ಒಬ್ಬಳೇ ನೀರು ತರಕ್ಕೆ ಹೋಗ್ಯಾಳಂತೆ. ನೀವು ಹೇಳಿಕೊಟ್ಟಿದ್ದ ಒರತೆ ಎಲ್ಲೈತ್ರಿ?"

ನಾನು ಶಾಲೆಯ ನೌಕರಳಲ್ಲ. ಐಮಂಗಲದ ಹತ್ತಿರದ ಹಳ್ಳಿಯಲ್ಲಿ ಮನೆ ನೋಡಿಕೊಂಡಿರುವವಳು, ಕುರಿ ಕಾಯುವ ಮನೆಯಲ್ಲಿ ಹುಟ್ಟಿದವಳು. ಚಿತ್ರದುರ್ಗದ ಒಂದು ಪ್ರೌಢಶಾಲೆಯ ಈ ಮೇಷ್ಟ್ರು ಪ್ರತಿ ಬೇಸಿಗೆ ನಮ್ಮೂರ ಹಿಂದಿನ ಗುಡ್ಡಕ್ಕೆ ಮಕ್ಕಳನ್ನು ಕರೆತರುತ್ತಾರೆ. ಮೊದಲ ವರ್ಷ ನನ್ನನ್ನು ಕರೆದದ್ದು ಅಡುಗೆಗೆ. ಸೊಪ್ಪು, ಕಾಯಿ, ಹಳ್ಳದ ಹಾದಿ ಎಲ್ಲ ಬಲ್ಲೆನೆಂದು ತಿಳಿದ ಮೇಲೆ ಪಾಠಕ್ಕೂ ನಿಲ್ಲಿಸಿದರು. ಕಾಡಿನಲ್ಲಿ ದಾರಿ ತಪ್ಪಿದರೆ ಬದುಕಿ ಬರುವುದು ಹೇಗೆ ಎಂಬ ಪಾಠ ಬೆಳಿಗ್ಗೆ. ಸಸಿ ನೆಡುವುದು, ಇಂಗುಗುಂಡಿ ತೋಡುವುದು ಸಂಜೆಗೆ. ಅದು ನನ್ನ ಆರನೇ ಕ್ಯಾಂಪು. ಆ ಸಲ ಮಕ್ಕಳು ಇಪ್ಪತ್ತಾರು. ಆ ದಿನ ನನ್ನ ಪಾಠವಿರಲಿಲ್ಲ, ಮನೆಯಲ್ಲಿದ್ದೆ.

ಒರತೆ ಎಂದರೆ ಒಣಗಿದ ಹಳ್ಳದ ಮರಳಿನಲ್ಲಿ ತೋಡಿದ ನೀರಿನ ಗುಂಡಿ. "ಕುರಿ ನಡೆದು ಸವೆದ ದಾರಿ ಹಿಡಿದು ಇಳೀರಿ, ಒರತೆ ಸಿಕ್ಕೇ ಸಿಗ್ತೈತೆ" ಎಂದು ಹಿಂದಿನ ದಿನವಷ್ಟೇ ಗುಡ್ಡದ ಮೇಲಿಂದ ಬೆರಳು ಮಾಡಿ ತೋರಿಸಿದ್ದೆ. ಇಳಿದು ನೋಡಿರಲಿಲ್ಲ. ಮಕ್ಕಳಿಗೆ ಉಪ್ಪಿಟ್ಟು ಆರುತ್ತದೆ ಎಂಬ ಅವಸರ ನನಗೆ.

ನಡೆದದ್ದು ಇಷ್ಟು. ಇಬ್ಬಿಬ್ಬರಾಗಿ ದಾರಿ ಹುಡುಕುವ ಅಭ್ಯಾಸದಲ್ಲಿ ಹತ್ತು ಗಂಟೆಗೆ ನಿವೇದಿತಾಳ ಜೊತೆಗಾತಿಯ ಕಾಲು ಉಳುಕಿತು. ಬಾಟಲಿಯ ನೀರೂ ಮುಗಿದಿತ್ತು. ಕೂತಲ್ಲೇ ಕೂತು ವಿಸಿಲ್ ಊದಬೇಕು, ಅದು ನಿಯಮ. ಹುಡುಗಿ ವಿಸಿಲ್ಲನ್ನು ಗೆಳತಿಗೆ ಕೊಟ್ಟು, "ಆಂಟಿ ತೋರಿಸಿದ್ದಾರಲ್ಲ, ಬೇಗ ತರ್ತೀನಿ" ಎಂದು ಹೊರಟುಹೋಗಿದ್ದಳು. ವಿಸಿಲ್ ಇದ್ದ ಗೆಳತಿ ಸಿಕ್ಕಳು. ಒಬ್ಬಳಾದರೂ ಸಿಕ್ಕಳಲ್ಲ ಎಂದು ದೇವರಿಗೆ ಕೂತಲ್ಲಿಂದಲೇ ಕೈ ಮುಗಿದೆ.

ಎರಡು ಬಾಟಲಿ ನೀರು ಹಿಡಿದು, ಪಕ್ಕದ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದ ನನ್ನ ಅಣ್ಣ ಸಣ್ಣೀರಪ್ಪನ ಹತ್ತಿರ ಓಡಿದೆ. ವಿಷಯ ಕೇಳಿದವನೇ ತಲೆಯ ಮೇಲಿನ ಟವೆಲ್ ಎಳೆದುಕೊಂಡ.

"ಲೇ ಗೌರಿ, ಆ ಒರತೇಲಿ ನೀರೆಲ್ಲೈತೆ? ಹೋದ ವರ್ಷ ಮಕ್ಕಳು ನೆಟ್ಟ ಸಸಿ ತಿಂತಾವೆ, ಈ ಬ್ಯಾಸಿಗೆ ಆ ಕಡೆ ಕುರಿ ಹೊಡೀಬ್ಯಾಡ ಅಂತ ಕೈ ಹಿಡಕಂಡು ಕೇಳಿದೋಳು ನೀನೇ ಅಲ್ಲೇನು? ತಿಂಗಳಾತು ನಾ ಹೋಗಿ. ಮರಳು ತೆಗೆಯೋರು ಯಾರು, ನಿನ್ನ ಮೇಷ್ಟ್ರಾ?"

ಒರತೆ ತಾನಾಗಿ ತೆರೆದಿರುವುದಿಲ್ಲ. ಕುರಿ ಕಾಯುವವನು ದಿನವೂ ಎರಡು ಬೊಗಸೆ ಮರಳು ಎತ್ತಿ ಹಾಕುತ್ತಾನೆ, ಆದ್ದರಿಂದ ಇರುತ್ತದೆ. ಹತ್ತು ದಿನ ಬಿಟ್ಟರೆ ಮುಚ್ಚಿಹೋಗುತ್ತದೆ. ಹುಟ್ಟಿದಾಗಿನಿಂದ ನೋಡಿದ ಕೆಲಸ. ಅದೂ ಒಂದು ಕೆಲಸವೆಂದೇ ನನಗೆ ಹೊಳೆದಿರಲಿಲ್ಲ. ಸಸಿ ಉಳಿಸಲು ಕುರಿ ನಿಲ್ಲಿಸಿದೆ. ಕುರಿ ನಿಂತಾಗ ನೀರೂ ನಿಂತಿತು. ಆ ಸತ್ತ ದಾರಿಯನ್ನೇ ಮಕ್ಕಳಿಗೆ ತೋರಿಸಿದ್ದೆ.

ಮೇಷ್ಟ್ರು ಮೇಲಿನಿಂದ, ನಾವಿಬ್ಬರು ಕೆಳಗಿನಿಂದ ಹುಡುಕುತ್ತ ಹೋದೆವು. ಜಾಲಿಮುಳ್ಳು ಸೀರೆ ಹಿಡಿದರೆ ಹರಿದುಕೊಂಡು ನಡೆದೆ. ಒರತೆಯ ಜಾಗ ಮುಟ್ಟಿದಾಗ ಎರಡು ಗಂಟೆ ದಾಟಿತ್ತು. ಹುಡುಗಿ ಇರಲಿಲ್ಲ. ಮರಳಿನಲ್ಲಿ ಮೊಣಕೈ ಆಳದ ಒಂದು ಗುಂಡಿ, ಪಕ್ಕದಲ್ಲಿ ಟಿಫನ್ ಬಾಕ್ಸಿನ ಮುಚ್ಚಳ. ಮುಚ್ಚಳದ ಅಂಚು ಸೊಟ್ಟಗಾಗಿತ್ತು. ಅಷ್ಟು ತೋಡಿದ್ದಳು. ತಳದ ಮರಳು ಒಣಗಿಯೇ ಇತ್ತು.

"ಬೀರಪ್ಪಾ, ಬೇಕಾದರೆ ನನ್ನನ್ನು ಕರಕೋ" ಎಂದು ಮನೆದೇವರನ್ನು ಕೂಗಿಬಿಟ್ಟೆ.

"ಅದ್ಯಾಕೆ ಕೂಗ್ತೀಯ, ಹೆಜ್ಜೆ ನೋಡಮ್ಮ" ಎಂದು ಗದರಿದ ಅಣ್ಣ. ಕಾಲು ಎಳೆದ ಗುರುತು ಹಳ್ಳದ ಮೇಲಕ್ಕೆ ಹೋಗಿತ್ತು. ಐವತ್ತು ಹೆಜ್ಜೆಯಾಚೆ, ಬಂಡೆಯ ನೆರಳಿನಲ್ಲಿ ಬಿದ್ದಿದ್ದಳು. ನೆರಳು ಹುಡುಕಬೇಕೆಂಬ ಪಾಠವನ್ನಾದರೂ ನೆನಪಿಟ್ಟಿದ್ದಳು. ಮೈ ಕೆಂಡ, ಒಂದು ಹನಿ ಬೆವರಿಲ್ಲ. ಮೈಯ ಕಾವು ತಾನಾಗಿ ಇಳಿಯದ ಈ ಸ್ಥಿತಿಯನ್ನೇ ಹೀಟ್ ಸ್ಟ್ರೋಕ್ ಎನ್ನುತ್ತಾರೆ. ತಡವಾದರೆ ಜೀವವೇ ಹೋಗುತ್ತದೆ. ಕೆನ್ನೆ ತಟ್ಟಿದೆ. ಕಣ್ಣು ಅರ್ಧ ತೆರೆದಳು.

"ಆಂಟಿ... ಇಲ್ಲಿ ನೀರೈತೆ ಅಂದಿದ್ರಲ್ಲ."

ಅಷ್ಟೇ ಅಂದು ಮತ್ತೆ ಕಣ್ಣು ಮುಚ್ಚಿದಳು.

ಎಚ್ಚರವಿಲ್ಲದವರ ಬಾಯಿಗೆ ನೀರು ಹುಯ್ಯಬಾರದು, ಮೈ ತಣಿಸಬೇಕು. ಎರಡು ಬಾಟಲಿ ಅವಳ ತಲೆ, ಕತ್ತಿಗೇ ಮುಗಿದವು. ಅಣ್ಣ ಅವಳು ತೋಡಿದ್ದ ಗುಂಡಿಗೇ ಓಡಿ ಕೈ ಹಾಕಿದ. ಇನ್ನೊಂದು ಗೇಣು ಮರಳು ತೆಗೆಯುವಷ್ಟರಲ್ಲಿ ತೇವ, ಆಮೇಲೆ ಕೆಸರು ಬಣ್ಣದ ನೀರು. ಒಂದೇ ಗೇಣು. ಎಷ್ಟು ಆಳ ತೋಡಬೇಕೆಂದು ನಾನು ಹೇಳಿರಲಿಲ್ಲ.

ಅಣ್ಣ ಅದೇ ಮುಚ್ಚಳದಲ್ಲಿ ನೀರು ತಂದು ತಂದು ಕೊಟ್ಟ. ಸೆರಗು ಅದ್ದಿ ಕಂಕುಳು, ತೊಡೆಸಂದಿಗೆ ಒತ್ತಿದೆ. ಟವೆಲಿನಿಂದ ಗಾಳಿ ಹಾಕಿದೆ. ಮೇಷ್ಟ್ರು ಬಂದು ಸೇರಿದರು. ಅಣ್ಣ ಅವಳನ್ನು ಹೆಗಲ ಮೇಲೆ ಹೊತ್ತು ರಸ್ತೆಗೆ ಇಳಿಸಿದ. ಮೇಷ್ಟ್ರು ಫೋನ್ ಮಾಡಿ ಕರೆಸಿದ್ದ ಆಂಬುಲೆನ್ಸ್ ಕಾದು ನಿಂತಿತ್ತು. ಹಿರಿಯೂರಿನ ಆಸ್ಪತ್ರೆಗೆ ಮೇಷ್ಟ್ರು ಜೊತೆಗೆ ಹೋದರು. ನನಗೆ ಜಾಗವಿರಲಿಲ್ಲ. ಉಳಿದ ಮಕ್ಕಳನ್ನು ನಮ್ಮ ಮನೆಗೇ ಕರೆತಂದು, ಎಣಿಸಿ, ಮತ್ತೆ ಎಣಿಸಿ ಕೂರಿಸಿದೆ. ಇಪ್ಪತ್ತೈದು.

ಆರು ಗಂಟೆಗೆ ಮೇಷ್ಟ್ರ ಫೋನು. "ಕಾವು ಇಳೀತು ಗೌರಮ್ಮನೋರೇ. ಅವ್ವನ ಗುರುತು ಹಿಡಿದಳು. ಎರಡು ದಿನ ಇಟ್ಕಂತಾರಂತೆ." ಆಮೇಲೆ, "ತಪ್ಪು ನಂದೂ ಐತೆ ಬಿಡ್ರಿ" ಅಂದರು. ಅವರು ಹಾಗಂದದ್ದು ದೊಡ್ಡತನ. ನನ್ನ ಪಾಲಿನ ತಪ್ಪು ಅದರಿಂದ ಕಡಿಮೆಯಾಗಲಿಲ್ಲ.

ಗೊತ್ತಿದೆ ಎಂದುಕೊಂಡದ್ದನ್ನು ಕಲಿಸುವುದಲ್ಲ, ಆ ವಾರ ಕಣ್ಣಾರೆ ಕಂಡದ್ದನ್ನು ಕಲಿಸಬೇಕು. ಈ ವರ್ಷದ ಕ್ಯಾಂಪಿಗೆ ಮುಂಚೆ ಹಳ್ಳದುದ್ದಕ್ಕೂ ನಡೆದು, ಕೈಯಾರೆ ಮರಳು ತೆಗೆದು, ನೀರು ಮುಟ್ಟಿ ನೋಡಿಯೇ ಮಕ್ಕಳ ಮುಂದೆ ಬಾಯಿ ತೆರೆದೆ.

ಆ ಸಂಜೆ ಮಾತ್ರ ಫೋನಿಟ್ಟು ದೇವರ ಗೂಡಿನ ಮುಂದೆ ಕುಸಿದು ಕೂತೆ. ಅಳು ಬಂತು, ಮುಗಿಯಲಿಲ್ಲ. ಹಿತ್ತಿಲಿನಲ್ಲಿ ಎಮ್ಮೆ ಕೆಚ್ಚಲು ಬಿಗಿದು ಕೂಗುತ್ತಿತ್ತು. ಮುಖ ತೊಳೆದು, ಚೆಂಬು ತೆಗೆದುಕೊಂಡು ಹಾಲು ಕರೆಯಲು ಹೋದೆ.