ಅತ್ತಿಗೆ ಹುಡುಕಿದ ಬೀದಿ

ನಮ್ಮ ಅತ್ತಿಗೆ ಕಾಲು ಮಾಡುತ್ತಾರೆ. ಹೊಸಬರ ಮುಂದೆ ಹೀಗೆಂದರೆ ಅವರು ಅರೆಗಳಿಗೆ ತಬ್ಬಿಬ್ಬಾಗುತ್ತಾರೆ. ಅಪಘಾತದಲ್ಲೋ ಸಕ್ಕರೆ ಕಾಯಿಲೆಯಿಂದಲೋ ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ತಯಾರಿಸುವ ಕೆಲಸ ಅದು. ಉಳಿದ ಕಾಲಿಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆಯುತ್ತಾರೆ. ಅಚ್ಚಿನ ಅಳತೆಗೆ ಕಾಲು ಕೂರುವ ಬಟ್ಟಲು ಮಾಡುತ್ತಾರೆ. ಎಲ್ಲಿ ಒತ್ತುತ್ತದೆ ಎಂದು ರೋಗಿ ಹೇಳಿದನೋ ಅಲ್ಲಿ ಅರ ಹಿಡಿದು ತಾಳ್ಮೆಯಿಂದ ಉಜ್ಜುತ್ತಾರೆ. ಅವರ ಉಗುರಿನ ಸಂದಿಯಲ್ಲಿ ಬಿಳಿ ಪುಡಿ ಕಾಣದಿದ್ದರೆ ಅವತ್ತು ರಜೆ ಎಂದು ಅರ್ಥ.

ಯಾರನ್ನೇ ಕಂಡರೂ ಅತ್ತಿಗೆ ಮುಖಕ್ಕಿಂತ ಮೊದಲು ನಡಿಗೆ ನೋಡುತ್ತಾರೆ. ನಾನು ಮದುವೆಯಾಗಬೇಕೆಂದಿದ್ದ ಹುಡುಗನನ್ನು ಮೊದಲ ಸಲ ಮನೆಗೆ ಕರೆತಂದಿದ್ದೆ. ಅವನು ಹೊರಟ ಮೇಲೆ ಉಳಿದವರೆಲ್ಲ ಅವನ ಗುಣ, ಕೆಲಸ, ಮಾತು ಎಂದು ಚರ್ಚಿಸುತ್ತಿದ್ದರು. ಅತ್ತಿಗೆ ಮಾತ್ರ, "ಹುಡುಗ ಒಳ್ಳೆಯವನೇ. ಆದ್ರೆ ಚಪ್ಪಲಿ ಒಂದು ಸೈಜ್ ದೊಡ್ಡದು ತಗೋತಾನೆ, ಎಡಗಾಲು ಎಳೀತಾನೆ" ಎಂದರು. ಮದುವೆಯಾಗಿ ನೋಡಿದರೆ ಎರಡೂ ನಿಜ.

ನಮ್ಮಣ್ಣ ಮೊದಲು ಅವರ ರೋಗಿ, ಆಮೇಲೆ ಗಂಡ. ಹೊಲಿಗೆ ಯಂತ್ರ ರಿಪೇರಿ ಅವನ ಕಸುಬು. ಚೀಲದಲ್ಲಿ ಸ್ಕ್ರೂಡ್ರೈವರ್, ಎಣ್ಣೆ ಡಬ್ಬಿ ಹಾಕಿಕೊಂಡು ಸೈಕಲ್ಲಿನಲ್ಲಿ ಅಂಗಡಿಯಿಂದ ಅಂಗಡಿಗೆ ಹೋಗುತ್ತಿದ್ದವನಿಗೆ ಒಂದು ದಿನ ಲಾರಿ ಬಡಿದು ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಹೊಸ ಕಾಲಿಗಾಗಿ ಅವನು ಅತ್ತಿಗೆಯ ಕಾರ್ಯಾಗಾರಕ್ಕೆ ಎಂಟು ಸಲ ಹೋಗಿಬಂದ. ನಾಲ್ಕನೆಯ ಸಲಕ್ಕೇ ಕಾಲು ಸರಿಯಾಗಿ ಕೂತಿತ್ತಂತೆ. ಮಿಕ್ಕ ನಾಲ್ಕು ಸಲ ಯಾಕೆ ಹೋದೆ ಎಂದು ಕೇಳಿದರೆ ಇವತ್ತಿಗೂ ಇಬ್ಬರೂ ಬೇರೆ ಮಾತು ತೆಗೆಯುತ್ತಾರೆ.

ಮದುವೆಯಾಗಿ ಹನ್ನೆರಡು ವರ್ಷ ಅಣ್ಣ ಚೆನ್ನಾಗಿ ನಡೆದ. ಆಮೇಲೆ ಇದ್ದಕ್ಕಿದ್ದಂತೆ ಬಿಟ್ಟುಬಿಟ್ಟ. ಮನೆಯೊಳಗೆ ಓಡಾಡುತ್ತಿದ್ದ, ಬಾಗಿಲು ದಾಟಿದರೆ ಮೂರು ಚಕ್ರದ ಸ್ಕೂಟರ್. ಗಿರಾಕಿಗಳೇ ಯಂತ್ರ ಹೊತ್ತು ತರಬೇಕಾಯಿತು. ಕೇಳಿದರೆ, "ನಡೆಯೋದು ಬೇಜಾರು. ನೋಡೋಕೆ ಏನಿದೆ ಆ ರಸ್ತೇಲಿ?" ಎನ್ನುತ್ತಿದ್ದ. ನಮ್ಮ ಊರಿನ ಆ ಬಡಾವಣೆಯ ರಸ್ತೆಯಲ್ಲಿ ನಿಜಕ್ಕೂ ನೋಡಲು ಏನೂ ಇರಲಿಲ್ಲ. ಎರಡೂ ಕಡೆ ಎತ್ತರದ ಕಾಂಪೌಂಡು, ಮುಚ್ಚಿದ ಗೇಟು. ಹೀಗೆ ಮೂರು ವರ್ಷ ಕಳೆಯಿತು.

ಅಷ್ಟರಲ್ಲಿ ಅತ್ತಿಗೆಗೆ ದೂರದ ಮಹಾನಗರದಿಂದ ಕರೆ ಬಂತು. ಅಲ್ಲಿನ ದೊಡ್ಡ ಆಸ್ಪತ್ರೆಯೊಂದು ಹೊಸದಾಗಿ ಕೃತಕ ಕಾಲಿನ ಕಾರ್ಯಾಗಾರ ತೆರೆಯುತ್ತಿತ್ತು, ಅದರ ಹೊಣೆ ಹೊರಬೇಕು. ಅಣ್ಣ ತಕರಾರು ಮಾಡಲಿಲ್ಲ. "ಹೋಗೋಣ. ನನಗೆ ಒಂದು ಮೇಜು, ಒಂದು ಕಿಟಕಿ ಇದ್ರೆ ಯಾವ ಊರಾದ್ರೇನು" ಎಂದ. ಮನೆ ನೋಡಲು ಮಾತ್ರ ಬರಲಿಲ್ಲ. ನಾನು ಶಾಲೆಯ ಟೀಚರು, ರಜೆ ಇತ್ತು, ಅತ್ತಿಗೆಯ ಜೊತೆ ಹೊರಟೆ.

ಆಸ್ಪತ್ರೆಯ ಮ್ಯಾನೇಜರು ನಮ್ಮನ್ನು ಕಾರಿನಲ್ಲಿ ಕೂರಿಸಿಕೊಂಡು ಮೊದಲು ಸಿಬ್ಬಂದಿಯ ವಸತಿಗೆ ಕರೆದೊಯ್ದರು. ಊರ ಹೊರಗಿನ ಹೆದ್ದಾರಿ ಪಕ್ಕ, ಹುಲ್ಲುಹಾಸು, ಲಿಫ್ಟು, ಮೂರು ದೊಡ್ಡ ಕೋಣೆ.

"ಎಷ್ಟು ಪ್ರಶಾಂತ ನೋಡಿ ಮೇಡಂ. ಒಂದು ನಾಯಿ ಕೂಡ ಬೊಗಳಲ್ಲ."

ನನ್ನ ಮನಸ್ಸು ಅಲ್ಲೇ ಕೂತುಬಿಟ್ಟಿತು. ಅತ್ತಿಗೆ ಕೋಣೆಗಳನ್ನು ಸರಿಯಾಗಿ ನೋಡಲೂ ಇಲ್ಲ. "ಒಂದು ಬೆಂಕಿಪೊಟ್ಟಣ ತರ್ತೀನಿ" ಎಂದು ಹೊರಟವರು ಬಂದದ್ದು ಮುಕ್ಕಾಲು ಗಂಟೆ ಬಿಟ್ಟು. ಬೆವರು ಒರೆಸಿಕೊಳ್ಳುತ್ತಾ, "ಹೋಗೋಕೆ ಇಪ್ಪತ್ತೆರಡು ನಿಮಿಷ. ದಾರೀಲಿ ಸಿಕ್ಕಿದ್ದು ಒಬ್ಬ ಕಾವಲುಗಾರ, ಅವನೂ ನಿದ್ದೆ ಮಾಡ್ತಿದ್ದ" ಎಂದರು. ಮ್ಯಾನೇಜರು ನಕ್ಕರು, ಅತ್ತಿಗೆ ನಗಲಿಲ್ಲ. ಎರಡನೆಯ ಮನೆ ಆಸ್ಪತ್ರೆಯ ಎದುರಿಗೇ ಇತ್ತು. ಆದರೆ ನಡುವೆ ಆರು ಸಾಲಿನ ರಸ್ತೆ, ದಾಟಲು ಐವತ್ತನಾಲ್ಕು ಮೆಟ್ಟಿಲ ಮೇಲ್ಸೇತುವೆ. ಮೆಟ್ಟಿಲು ಎಣಿಸಿಯೇ ಅವರು ಹಿಂದಿರುಗಿದರು.

ಮಾರನೆಯ ದಿನ ಮ್ಯಾನೇಜರಿಗೆ ಹೇಳದೆ ನಾವಿಬ್ಬರೇ ಆಸ್ಪತ್ರೆಯ ಗೇಟಿನಿಂದ ನಡೆಯುತ್ತಾ ಹೊರಟೆವು. ಹದಿನೆಂಟು ನಿಮಿಷಕ್ಕೆ ಒಂದು ಹಳೆಯ ಬೀದಿ ಸಿಕ್ಕಿತು. ಕೆಳಗೆ ಅಂಗಡಿ, ಮೇಲೆ ಮನೆ. ಔಷಧಿ ಅಂಗಡಿ, ಕ್ಷೌರದಂಗಡಿ, ತರಕಾರಿಯ ತಳ್ಳುಗಾಡಿ, ಸಾಲಾಗಿ ನಾಲ್ಕು ಟೈಲರುಗಳು, ಬಸ್ ನಿಲ್ದಾಣದಲ್ಲೊಂದು ಕಲ್ಲುಬೆಂಚು. ಅತ್ತಿಗೆ ಆ ಬೆಂಚಿನ ಮೇಲೆ ಕೂತವರು ಏಳಲೇ ಇಲ್ಲ. ಬೆಳಗ್ಗೆ ಎಂಟರಿಂದ ಸಂಜೆಯವರೆಗೆ, ನಡುವೆ ಊಟಕ್ಕೆ ಎದ್ದದ್ದು ಬಿಟ್ಟರೆ, ಬೀದಿ ನೋಡುತ್ತಾ ಚಿಕ್ಕ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಆಮೇಲೆ ಬಗ್ಗಿ ಫುಟ್‌ಪಾತಿನ ಎತ್ತರವನ್ನು ಗೇಣಿನಲ್ಲಿ ಅಳೆಯತೊಡಗಿದಾಗ ನನಗೆ ನಾಚಿಕೆಯಾಗಿ ಔಷಧಿ ಅಂಗಡಿಯ ಕಡೆ ಮುಖ ತಿರುಗಿಸಿದೆ.

"ನೋಡು," ಎಂದರು ಹೊರಡುವಾಗ. "ಕೋಲು ಊರಿಕೊಂಡು ಒಬ್ಬೊಬ್ಬರೇ ಬಂದವರು ಹದಿನೇಳು ಜನ. ಮೊಣಕಾಲು ನೋವಿನವರನ್ನ ಎಣಿಸಲೇ ಇಲ್ಲ. ಅವರೆಲ್ಲ ಹೊರಗೆ ಬರ್ತಾರೆ ಅಂದ್ರೆ ಈ ಬೀದಿ ಅವರನ್ನ ಚೆನ್ನಾಗಿ ನಡೆಸಿಕೊಳ್ಳುತ್ತೆ ಅಂತ ತಾನೆ?"

ಮೊದಲ ಟೈಲರ್ ಅಂಗಡಿಯ ಮೇಲೆ ಒಂದು ಮನೆ ಖಾಲಿ ಇತ್ತು. ಅಗಲವಾದ ಹದಿನಾರು ಮೆಟ್ಟಿಲು, ಎರಡೂ ಕಡೆ ಹಿಡಿಕೆ. ಅವತ್ತೇ ಒಪ್ಪಿಕೊಂಡರು.

ನನ್ನ ರಜೆ ಮುಗಿಯುವ ಮೊದಲೇ ಮನೆ ಬದಲಾಯಿಸಿದರು, ನಾನೂ ಜೊತೆಗಿದ್ದೆ. ಸಾಮಾನು ಇಳಿಸಿದ ದಿನ ಅಣ್ಣ ಕಿಟಕಿಯ ಹತ್ತಿರ ನಿಂತು ಬೀದಿಯನ್ನು ಮೇಲಿಂದ ಕೆಳಗೆ ನೋಡಿದ. "ಎಲ್ಲರೂ ಗಲಾಟೆಯಿಂದ ದೂರ ಹೋಗ್ತಾರೆ. ನೀನು ಗಲಾಟೆಯ ನಟ್ಟನಡುವೆ ತಂದು ಕೂರಿಸಿದೀಯ" ಎಂದ. ಅದು ಇನ್ನೂ ತಮಾಷೆಯ ದನಿ. ಮೂರನೆಯ ದಿನ ಪುಸ್ತಕಗಳನ್ನು ಜೋಡಿಸುವಾಗ ಅತ್ತಿಗೆಯ ಆ ಚಿಕ್ಕ ಪುಸ್ತಕ ಅವನ ಕೈಗೆ ಸಿಕ್ಕಿತು. ಬೆಂಚಿನಿಂದ ಔಷಧಿ ಅಂಗಡಿಗೆ ಎಷ್ಟು ಹೆಜ್ಜೆ, ಕಲ್ಲು ಕಿತ್ತ ಜಾಗ ಎಲ್ಲಿ, ಇಳಿಜಾರು ಯಾವ ಕಡೆ, ಸುಸ್ತಾದರೆ ಕೂರಲು ಎಲ್ಲೆಲ್ಲಿ ಜಾಗ, ಎಲ್ಲ ಅದರಲ್ಲಿತ್ತು. ಓದಿ ಮುಗಿಸಿ ಮೇಜಿನ ಮೇಲೆ ಇಟ್ಟ.

"ನೀನು ಮನೆ ಹುಡುಕಿದ್ದಲ್ಲ. ನನಗೆ ಚಿಕಿತ್ಸೆ ಬರೆದಿದ್ದೀಯ."

"ಹಾಗಲ್ಲ ರೀ..."

"ನಾನು ನಿನ್ನ ಗಂಡ ಕಣೇ, ನಿನ್ನ ಕೇಸಲ್ಲ."

ನಾನು ಅಡುಗೆಮನೆಯಲ್ಲಿ ಪಾತ್ರೆ ಹಿಡಿದು ನಿಂತಿದ್ದೆ, ಕೆಳಗಿಡಲೂ ಧೈರ್ಯವಾಗಲಿಲ್ಲ. ಅತ್ತಿಗೆ ಮೇಜಿನ ಮೇಲಿನ ಪುಸ್ತಕ ತೆಗೆದುಕೊಂಡು, "ಸರಿ. ಇನ್ನು ನಡೀರಿ ಅಂತ ನಾನು ಹೇಳಲ್ಲ" ಎಂದರು. ರಜೆ ಮುಗಿದು ನಾನು ಊರಿಗೆ ಮರಳಿದೆ. ಮುಂದಿನದನ್ನು ಒಂದಿಷ್ಟು ಅಣ್ಣ ಹೇಳಿದ್ದು, ಒಂದಿಷ್ಟು ಅತ್ತಿಗೆ ಹೇಳಿದ್ದು.

ಆರು ವಾರ ಅತ್ತಿಗೆ ಮಾತು ಉಳಿಸಿಕೊಂಡರು. ಬೆಳಗ್ಗೆ ಒಬ್ಬರೇ ನಡೆದು ಕೆಲಸಕ್ಕೆ ಹೋಗುವುದು, ಸಂಜೆ ಒಬ್ಬರೇ ನಡೆದು ಬರುವುದು. ದಾರಿಯಲ್ಲಿ ಏನು ಕಂಡೆ ಎಂದೂ ಹೇಳುತ್ತಿರಲಿಲ್ಲ, ಹೇಳಿದರೆ ಆಸೆ ತೋರಿಸಿದಂತೆ ಆಗುತ್ತದೆಂದು. ದಿನವಿಡೀ ಬಾಯಿಗೆ ಬೀಗ ಹಾಕಿಕೊಂಡಿರುವುದು ನಮ್ಮ ಅತ್ತಿಗೆಗೆ ಸುಲಭದ ಕೆಲಸವಲ್ಲ.

ಅಣ್ಣ ಕಿಟಕಿಯ ಪಕ್ಕ ಮೇಜು ಹಾಕಿಕೊಂಡು ಕೂತ. ಹೊಸ ಊರು, ಯಂತ್ರ ತರುವವರಿಲ್ಲ. ಕೆಳಗಿನ ಟೈಲರರ ಯಂತ್ರದ ಸದ್ದು ಮಾತ್ರ ನೆಲದ ಮೂಲಕ ಮೇಲೆ ಬರುತ್ತಿತ್ತು. ಒಂದು ಸೋಮವಾರ ಆ ಸದ್ದು ಕೆಟ್ಟಿತು. ನಾಲ್ಕು ಹೊಲಿಗೆ ಸರಿ, ಐದನೆಯದು ತಪ್ಪು. ಮತ್ತೆ ನಾಲ್ಕು ಸರಿ, ಐದನೆಯದು ತಪ್ಪು. ಮಂಗಳವಾರವೂ ಅದೇ. ಟೈಲರು ಸೂಜಿ ಬದಲಿಸಿದ್ದು, ದಾರ ಬದಲಿಸಿದ್ದು, ಯಂತ್ರಕ್ಕೆ ಬೈದದ್ದು ಎಲ್ಲ ಕೇಳಿಸುತ್ತಿತ್ತು. ಹಲ್ಲುನೋವಿನವನ ಪಕ್ಕ ಕೂತ ದಂತವೈದ್ಯನ ಹಾಗಾಯಿತು ಅಣ್ಣನ ಪಾಡು. ಗುರುವಾರ ತಡೆಯಲಾರದೆ ಎಣ್ಣೆ ಡಬ್ಬಿ ಹಿಡಿದು ಹದಿನಾರು ಮೆಟ್ಟಿಲು ಇಳಿದ.

"ಸೂಜಿದಲ್ಲ ತೊಂದರೆ. ಕೆಳಗೆ ದಾರ ಹಿಡಿಯೋ ಕೊಕ್ಕೆ ತಡವಾಗಿ ಬರ್ತಿದೆ. ಸರೀರಿ ಸ್ವಲ್ಪ" ಎಂದ.

ಟೈಲರು ಕನ್ನಡಕದ ಮೇಲಿಂದ ನೋಡಿ, "ನೀವು ಯಾರು?" ಎಂದರು.

"ನಿಮ್ಮ ತಲೆ ಮೇಲೆ ಇರೋನು."

ಅರ್ಧ ಗಂಟೆಯಲ್ಲಿ ಯಂತ್ರ ಸರಿಯಾಯಿತು. ಟೈಲರರ ಬಾಯಿ ದೊಡ್ಡದು, ಸಂಜೆಯೊಳಗೆ ಉಳಿದ ಮೂವರು ಟೈಲರುಗಳಿಗೂ ಸುದ್ದಿ ಹೋಯಿತು. ಆ ಯಂತ್ರಗಳು ಕಬ್ಬಿಣದ ಮೇಜಿಗೆ ಬಿಗಿದಿದ್ದವು, ಹೊತ್ತು ತರುವ ಹಾಗಿರಲಿಲ್ಲ. ಅಣ್ಣನೇ ಹೋಗಬೇಕಾಯಿತು. ಅಲ್ಲಿಂದ ಇಲ್ಲಿಗೆ ನಲವತ್ತು ಹೆಜ್ಜೆ, ಸ್ಕೂಟರ್ ಕೀ ತೆಗೆಯುವುದು ಅವನಿಗೇ ನಗೆಪಾಟಲು ಎನಿಸಿತಂತೆ. ಅತ್ತಿಗೆ ಎಲ್ಲ ಗಮನಿಸಿದರು. ಗಂಡನ ಷರಟಿನ ತೋಳಿಗೆ ಎಣ್ಣೆ ಹತ್ತಿದ್ದು ನೋಡಿ ಸೋಪು ತೆಗೆದಿಟ್ಟರು, ತುಟಿ ಎರಡು ಮಾಡಲಿಲ್ಲ.

ಮೂರು ವಾರ ಕಳೆದಿರಬೇಕು. ಒಂದು ಬೆಳಗ್ಗೆ ಹತ್ತು ಗಂಟೆಗೆ, ಜನ ಗಿಜಿಗುಡುವ ಹೊತ್ತಿನಲ್ಲಿ, ತರಕಾರಿ ಗಾಡಿಯ ಎದುರು ಕಿತ್ತುಹೋದ ಕಲ್ಲಿಗೆ ಕಾಲು ಸಿಕ್ಕಿ ಅಣ್ಣ ಬಿದ್ದ. ಕೃತಕ ಕಾಲು ಕಳಚಿ ಪ್ಯಾಂಟಿನೊಳಗೇ ಅಡ್ಡ ತಿರುಗಿತು. ಅವನು ಕಣ್ಣು ಮುಚ್ಚಿಕೊಂಡ.

ಕಣ್ಣು ತೆರೆದಾಗ ಕ್ಷೌರಿಕ ಒಂದು ಕೈಯಲ್ಲಿ ಸೋಪಿನ ನೊರೆ, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಿಡಿದು ನಿಂತಿದ್ದ. "ಕೂತ್ಕೊಳ್ಳಿ. ಏಳೋಕೆ ಅವಸರ ಏನಿಲ್ಲ" ಎಂದು, ಇನ್ನೊಬ್ಬನ ಜೊತೆ ಸೇರಿ ಎತ್ತಿ ಕೂರಿಸಿದ. ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿ ಬಾಗಿಲಲ್ಲಿ ನಿಂತು ನೋಡುತ್ತಿದ್ದ, ಕ್ಷೌರಿಕ ಅವನ ಹತ್ತಿರ ಮರಳಿದ. ತರಕಾರಿಯಾಕೆ ಬೀನ್ಸ್ ತೂಗುತ್ತಲೇ, "ಅಣ್ಣಾ, ನೀರು ಬೇಕಾ?" ಎಂದು ಕೇಳಿ ಬಾಟಲಿ ಚಾಚಿದಳು. "ಇಲ್ಲಿ ವಾರಕ್ಕೊಬ್ಬರು ಬೀಳ್ತಾರೆ. ಹೋದ ವಾರ ಔಷಧಿ ಅಂಗಡಿಯವರೇ ಬಿದ್ರು." ಯಾರೂ ಸುತ್ತ ನೆರೆಯಲಿಲ್ಲ, ಯಾರೂ ಅಯ್ಯೋ ಪಾಪ ಎನ್ನಲಿಲ್ಲ. ಅವನು ಕುರ್ಚಿಯಲ್ಲೇ ಕಾಲು ಸರಿಯಾಗಿ ತೊಟ್ಟು, ಹತ್ತು ನಿಮಿಷ ಸುಧಾರಿಸಿಕೊಂಡು ಎದ್ದ.

ಸಂಜೆ ಅತ್ತಿಗೆ ಬಂದಾಗ ತಾನೇ ಹೇಳಿದ. ಬಿದ್ದೆ ಎಂದ. ಆಮೇಲೆ, "ಇದು ಎರಡನೇ ಸಲ" ಎಂದ.

ಮೊದಲನೆಯದು ಮೂರು ವರ್ಷದ ಹಿಂದೆ, ನಮ್ಮ ಊರಿನ ಬಡಾವಣೆಯ ಹಿಂದಿನ ರಸ್ತೆಯಲ್ಲಿ. ನಡು ಮಧ್ಯಾಹ್ನ. ಕಾಲು ಕಳಚಿ ಚರಂಡಿಗೆ ಉರುಳಿತ್ತು. ಕೂಗಿದರೆ ಕೇಳಲು ಜನವಿರಲಿಲ್ಲ. ಗಾಜು ಏರಿಸಿದ ಎರಡು ಕಾರು ಪಕ್ಕದಲ್ಲೇ ಹಾದುಹೋದವು. ಬಿಸಿಲಿಗೆ ಸುಡುವ ನೆಲದ ಮೇಲೆ ನಲವತ್ತು ನಿಮಿಷ ಕೂತಿದ್ದು, ಕೊನೆಗೆ ತೆವಳಿಕೊಂಡು ಹೋಗಿ ಕಾಲು ತೆಗೆದುಕೊಂಡಿದ್ದ. ಮನೆಗೆ ಬಂದು ಸ್ನಾನ ಮಾಡಿ, ಬಟ್ಟೆ ಒಗೆದು ಹಾಕಿ, ಯಾರಿಗೂ ಹೇಳದೆ ಸುಮ್ಮನಾಗಿದ್ದ.

"ನನಗ್ಯಾಕೆ ಹೇಳಲಿಲ್ಲ?"

"ಅದು ನೀನು ಮಾಡಿದ ಕಾಲು. ಹೇಳಿದ್ರೆ ನಿನ್ನದೇ ತಪ್ಪು ಅಂದ್ಕೊಂಡು ಕೊರಗ್ತೀಯ."

ಅತ್ತಿಗೆ ಅವನ ಎದುರು ನೆಲದ ಮೇಲೆ ಕೂತರು. "ಬಟ್ಟಲು ಸಡಿಲ ಆಗಿತ್ತಾ?"

"ಆಗಿತ್ತು. ಈಗಲೂ ಆಗಿದೆ. ಎರಡು ಕಾಲುಚೀಲ ಹಾಕ್ಕೊಂಡು ಓಡಾಡ್ತಿದೀನಿ."

ಬೀದಿಯಲ್ಲಿ ಹೋಗುವವನು ಎಡಗಾಲು ಎಳೆಯುವುದನ್ನು ದೂರದಿಂದ ಗುರುತಿಸುವ ಅತ್ತಿಗೆ ಮನೆಯಲ್ಲಿ ಮೂರು ವರ್ಷ ಇದನ್ನು ಕಂಡಿರಲಿಲ್ಲ. ಅವತ್ತು ಅವರು ಅತ್ತದ್ದು ಅದಕ್ಕಂತೆ. ಅಣ್ಣ ಬಗ್ಗಿ ಅವರ ತಲೆಯ ಮೇಲೆ ಕೈಯಿಟ್ಟು, "ನಾನು ಬಚ್ಚಿಟ್ಟರೆ ನಿನಗೆ ಹೇಗೆ ಕಾಣುತ್ತೆ?" ಎಂದನಂತೆ. ಮರುವಾರ ಆಸ್ಪತ್ರೆಯ ಸಾಲಿನಲ್ಲಿ ಎಲ್ಲರಂತೆ ಚೀಟಿ ಹಿಡಿದು ಕೂತು, ಹೊಸ ಕಾಲಿಗೆ ಅಳತೆ ಕೊಟ್ಟ. ಅತ್ತಿಗೆ ಈ ಸಲ ಎಲ್ಲಿ ಒತ್ತುತ್ತದೆ ಎಂದು ಮೂರು ಮೂರು ಸಲ ಕೇಳಿ, ಮೂರು ಸಲವೂ ನಿಜವನ್ನೇ ಹೇಳಿಸಿಕೊಂಡರು.

ಕಳೆದ ತಿಂಗಳು ನಾನು ಮುಂಚಿತವಾಗಿ ತಿಳಿಸದೆ ಅವರಲ್ಲಿಗೆ ಹೋಗಿದ್ದೆ. ನಡು ಮಧ್ಯಾಹ್ನ, ಬಾಗಿಲಿಗೆ ಬೀಗ. ಕೆಳಗೆ ಬಂದು ಕೇಳಿದೆ. ಟೈಲರು, "ಈಗ ತಾನೇ ಆ ಕಡೆ ಹೋದ್ರು" ಎಂದರು. ಔಷಧಿ ಅಂಗಡಿಯವರು, "ಮಾತಾಡಿಸಿ ಮುಂದೆ ಹೋದ್ರಲ್ಲ" ಎಂದರು. ಹೂವಿನ ಗಿಡ ಮಾರುವವನೊಬ್ಬ ಕೈ ತೋರಿಸಿ ತಿರುವಿನ ದಾರಿ ಹೇಳಿದ. ತಿರುವು ದಾಟಿದರೆ ನಾಲ್ಕು ದಾರಿ ಕೂಡುವಲ್ಲಿ ಅಣ್ಣ ನಿಂತಿದ್ದ. ಪೆಟ್ಟಿಗೆ ಹಿಡಿದು ಊರಿಗೆ ಹೊಸದಾಗಿ ಬಂದಂತಿದ್ದ ಹೆಂಗಸೊಬ್ಬಳಿಗೆ ಅಂಚೆ ಕಚೇರಿಯ ದಾರಿ ವಿವರಿಸುತ್ತಿದ್ದ.

"ಆಟೋ ಮಾಡಬೇಕಾ?" ಎಂದು ಆಕೆ ಕೇಳಿದಳು.

"ಏನೂ ಬೇಡಮ್ಮ. ಬನ್ನಿ, ನಾನೂ ಆ ಕಡೆಗೇ" ಎಂದು ಅವನು ಮುಂದೆ ನಡೆದ. ನಾನು ಕರೆಯಲು ಹೋಗಲಿಲ್ಲ. ಅವರು ತಿರುಗಿ ಮರೆಯಾಗುವವರೆಗೆ ಅವನ ನಡಿಗೆಯನ್ನೇ ನೋಡುತ್ತಾ ನಿಂತೆ.