ಪುಸ್ತಕಕ್ಕೆ ಸೇರಿದ ಲೈಸೆನ್ಸ್ ನಂಬರು

ಹೆಬ್ಬಾಳದ ಕಾರ್ಖಾನೆಗೆ ಹೆಂಗಸರನ್ನು ಕರೆದೊಯ್ಯುವ ವ್ಯಾನು ನನ್ನದು, ಓಡಿಸುವವಳೂ ನಾನೇ. ಒಂದು ಬೆಳಿಗ್ಗೆ ರಿಂಗ್ ರಸ್ತೆಯಲ್ಲಿ ಪೊಲೀಸರು ನಮ್ಮನ್ನು ತಡೆದು, ಗಾಂಜಾ ಇದೆಯೇ ಎಂದು ಸೀಟುಗಳ ಕೆಳಗೆಲ್ಲ ಹುಡುಕಿದರು. ಊಟದ ಡಬ್ಬಿಗಳನ್ನೂ ಬಿಡಲಿಲ್ಲ. ಏನೂ ಸಿಗಲಿಲ್ಲ. ಆದರೂ ಒಬ್ಬ ಮಹಿಳಾ ಪೇದೆ ನನ್ನ ಲೈಸೆನ್ಸ್ ನಂಬರನ್ನು ಪುಸ್ತಕದಲ್ಲಿ ಬರೆದುಕೊಂಡರು.

ಅಲ್ಲಿಗೆ ನನ್ನ ಕಥೆ ಮುಗಿಯಿತು ಅಂದುಕೊಂಡೆ. ಪೊಲೀಸರ ಪುಸ್ತಕಕ್ಕೆ ಸೇರಿದ ಲೈಸೆನ್ಸು ಇನ್ನು ಉಳಿದೀತೇ? ರದ್ದಾದದ್ದು ತಿಳಿಯದೆ ಗಾಡಿ ಓಡಿಸಿ ಸಿಕ್ಕಿಬೀಳುವುದು ಬೇಡವೆಂದು ನಾಲ್ಕು ದಿನ ವ್ಯಾನು ಮುಟ್ಟಲಿಲ್ಲ. ಹೆಂಗಸರು ಬಸ್ಸಿನಲ್ಲಿ ಜೋತಾಡಿಕೊಂಡು ಹೋದರು. ಐದನೆಯ ದಿನ ಸಿಟ್ಟು ನೆತ್ತಿಗೇರಿ ಸ್ಟೇಷನ್ನಿಗೇ ಹೋದೆ.

“ಕಿತ್ಕೊಳ್ಳೋದಾದ್ರೆ ಎದುರಿಗೇ ಕಿತ್ಕೊಳ್ಳಿ!” ಎಂದು ಲೈಸೆನ್ಸನ್ನು ಅದೇ ಪೇದೆಯ ಮೇಜಿನ ಮೇಲೆ ಕುಕ್ಕಿದೆ.

ಆಕೆ ರೇಗಲಿಲ್ಲ. ಕುರ್ಚಿ ಎಳೆದು ಕೂರಿಸಿದರು. “ಗಾಡಿ ಹುಡುಕಿದ್ದಕ್ಕೆಲ್ಲ ಲೈಸೆನ್ಸ್ ಹೋಗಲ್ಲ ಕಣಮ್ಮ. ನಶೇಲಿ ಓಡ್ಸಿದ್ರೆ, ಗಾಡೀಲಿ ಮಾಲು ಸಾಗಿಸಿದ್ರೆ ಆಗ ಆ ಮಾತು.”

“ಹಂಗಾದ್ರೆ ನನ್ ನಂಬರ್ ಹೊಡ್ದಾಕ್ಬುಡಿ.”

ಆಕೆ ಪುಸ್ತಕ ತೆರೆದು ನನ್ನತ್ತ ತಿರುಗಿಸಿದರು. ನನ್ನ ನಂಬರಿನ ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ ‘ಏನೂ ಸಿಕ್ಕಿಲ್ಲ’ ಎಂದಿತ್ತು.

“ಇದನ್ಯಾಕೆ ಹೊಡ್ದಾಕ್ಲಿ? ನಾಳೆ ಯಾರಾದ್ರೂ ಚಾಡಿ ಹೇಳಿದ್ರೆ ನಿಮ್ ಪರವಾಗಿ ನಿಲ್ಲೋದು ಇದೇ ಸಾಲು.”

ಬೈಯಲು ಹೋದವಳು ಕೈಮುಗಿದು ಬಂದೆ. ಈಗಲೂ ರಿಂಗ್ ರಸ್ತೆಯಲ್ಲಿ ಆಗಾಗ ತಡೆಯುತ್ತಾರೆ. ಹುಡುಕಿ ಮುಗಿಸಿ, ಏನೂ ಬರೆಯದೆ “ಹೊರಡಿ” ಅಂದರೆ ನಾನು ಹೊರಡುವುದಿಲ್ಲ.

“ಬರ್ಕೊಳ್ಳಿ ಸ್ವಾಮಿ,” ಅನ್ನುತ್ತೇನೆ.