ಹ್ಯಾಂಡ್ ಬ್ರೇಕ್ ಹಿಡಿಯುವ ಜೀಪು

ನಮ್ಮ ಕಡೆ ಯಾರಾದರೂ ಜೀಪು ನಿಲ್ಲಿಸಿ ಇಳಿದರೆ ಮನೆಯವರು ಮೊದಲು ಕೇಳುವುದು ಕಾಫಿಯಾ ಟೀಯಾ ಎಂದಲ್ಲ, "ಕಲ್ಲು ಕೊಟ್ರಾ?" ಎಂದು. ಕಲ್ಲು ಕೊಡುವುದೆಂದರೆ ಹಿಂದಿನ ಚಕ್ರದ ಬುಡಕ್ಕೆ ಒಂದು ಕಲ್ಲು ಒತ್ತಿಡುವುದು. ಈ ಗುಡ್ಡಗಳಲ್ಲಿ ಹ್ಯಾಂಡ್ ಬ್ರೇಕ್ ನಂಬಿದವನ ಜೀಪು ತೋಟದ ಕೆಳಗಿನ ಹಳ್ಳದಲ್ಲಿ ಸಿಗುತ್ತದೆ. ಮೂಡಿಗೆರೆಯಿಂದ ಒಳಗೆ ಹೋಗುವ ಮಣ್ಣುರಸ್ತೆಯ ಕೊನೆಗೆ ನಮ್ಮ ಮನೆ. ನನ್ನ ತಮ್ಮ ಅಂಥದೊಂದು ಕಲ್ಲನ್ನು ಸೀಟಿನ ಕೆಳಗೇ ಇಟ್ಟುಕೊಂಡು ಊರೆಲ್ಲ ತಿರುಗುತ್ತಿದ್ದ. ಹೆಂಡತಿ ಕಟ್ಟಿಕೊಳ್ಳದವನು ಕಲ್ಲು ಕಟ್ಟಿಕೊಂಡ ಎಂದು ನಾನು ಆಡಿಕೊಳ್ಳುತ್ತಿದ್ದೆ.

ನನ್ನನ್ನು ಆಲ್ದೂರಿಗೆ ಕೊಟ್ಟಿದ್ದರು. ಗಂಡ ಹೋದ ಮೇಲೆ ತವರಿಗೆ ಬಂದೆ. ಮನೆಯಲ್ಲಿ ನಾನು, ತಮ್ಮ, ಇಬ್ಬರೇ. ತೋಟ ಸಣ್ಣದು, ಜಗಳ ದೊಡ್ಡದು. ಅವನಿಗೆ ಎರಡು ಹುಚ್ಚು. ಒಂದು ಅಪ್ಪನ ಕಾಲದ ಆ ಜೀಪು. ಇನ್ನೊಂದು ವಿಮಾನ. ಮಕ್ಕಳಾಟದ್ದಲ್ಲ, ಬೆಂಡಿನಷ್ಟು ಹಗುರವಾದ ಬಾಲ್ಸಾ ಮರದ ಪಟ್ಟಿಗಳನ್ನು ಅಂಟಿಸಿ ಕಟ್ಟಿ, ಸಣ್ಣ ಎಂಜಿನ್ ಕೂರಿಸಿ, ಕೈಯಲ್ಲಿ ರಿಮೋಟ್ ಹಿಡಿದು ಹಾರಿಸುವಂಥದ್ದು. ಕಾಫಿ ಒಣಗಿಸುವ ಕಣದಿಂದ ಏಳಿಸುತ್ತಿದ್ದ, ಅದು ನೆಟ್ಟಗೆ ಹೋಗಿ ಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಮರಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಮೆಣಸು ಕೊಯ್ಯುವವರನ್ನು ಮರ ಹತ್ತಿಸಿ ಇಳಿಸಬೇಕು. "ಗಾಳಿ ಮನೆ ಹೆಂಚನ್ನೇ ಬಿಡಲ್ಲ, ನಿನ್ನ ಹಕ್ಕಿ ಬಿಡುತ್ತಾ ಮಾರಾಯ?" ಎಂದರೆ ನಗುತ್ತಿದ್ದ. ಮುರಿದ ರೆಕ್ಕೆ, ಬಾಲ, ಚಕ್ರ ಎಲ್ಲವೂ ಅಟ್ಟದ ಮೇಲಿನ ಒಂದು ಟ್ರಂಕಿಗೆ ಹೋಗುತ್ತಿದ್ದವು.

ಅವನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆರಡು ಸಲ ಚಿಕ್ಕಮಗಳೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ರಕ್ತವನ್ನೆಲ್ಲ ಹೊರಗೆ ತೆಗೆದು ತೊಳೆದು ಮತ್ತೆ ಒಳಗೆ ಬಿಡುತ್ತಾರೆ. ಅದಕ್ಕಿಂತ ಕೆಟ್ಟದ್ದು ಮನೆಯಲ್ಲಿತ್ತು: ನೀರು ಅಳೆದು ಕುಡಿಯಬೇಕು. ಮಳೆಗಾಲದಲ್ಲಿ ಗೋಡೆಯೂ ನೀರು ಕುಡಿಯುವ ಊರಿನಲ್ಲಿ, ಆ ಮನುಷ್ಯನಿಗೆ ನಾನು ಔಷಧಿ ಕೊಟ್ಟಂತೆ ಸಣ್ಣ ಸ್ಟೀಲ್ ಲೋಟದಲ್ಲಿ ಅಳೆದು ಕೊಡುತ್ತಿದ್ದೆ. "ಇನ್ನೊಂದು ಗುಟುಕು ಕೊಡೇ ಅಕ್ಕ" ಎನ್ನುತ್ತಿದ್ದ. "ಸಾಯ್ತೀಯ" ಎನ್ನುತ್ತಿದ್ದೆ. ಹೀಗೆ ಹೇಳಿ ಹೇಳಿ ಆ ಮಾತು ಉಪ್ಪು ಹುಳಿ ಅನ್ನುವಷ್ಟು ಸಲೀಸಾಗಿತ್ತು.

ಹಲಸಿನ ಕಾಲದಲ್ಲಿ ಒಂದು ದಿನ ಆಸ್ಪತ್ರೆಯಿಂದ ಬರುವಾಗ ದಾರಿಯಲ್ಲಿ ಯಾರೋ ಎರಡು ಹಲಸಿನ ಹಣ್ಣು ಕೊಟ್ಟರು. ಅವನು ತಿನ್ನುವಂತಿಲ್ಲ, ನನಗಾಗಿ ತೆಗೆದುಕೊಂಡ. ಸುಸ್ತಾಗಿತ್ತು, ಜೀಪಿನ ಹಿಂದೆಯೇ ಬಿಟ್ಟು ಒಳಗೆ ಬಂದು ಮಲಗಿದ. ನನಗಾದರೂ ನೆನಪಾಗಬೇಕಿತ್ತಲ್ಲ, ಇಲ್ಲ. ಹಣ್ಣಾದ ಹಲಸನ್ನು ಬಯಲಲ್ಲಿ ಬಿಡುವುದೂ ಆನೆಗೆ ಕರೆಯೋಲೆ ಕಳಿಸುವುದೂ ಒಂದೇ ಎಂದು ಇಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಬೆಳಿಗ್ಗೆ ಎದ್ದು ನೋಡಿದರೆ ಶೆಡ್ಡಿನ ಒಂದು ಕಂಬ ಇಲ್ಲ, ಜೀಪಿನ ಎಡಭಾಗ ಹಪ್ಪಳ. ಹಲಸಿನ ಸಿಪ್ಪೆ ಅಂಗಳದ ತುಂಬ. ಕಲ್ಲು ಮಾತ್ರ ಚಕ್ರದ ಬುಡದಲ್ಲಿ ಇಟ್ಟಲ್ಲೇ ಇತ್ತು.

ಅವನು ಅಳಲಿಲ್ಲ, ಬೈಯಲೂ ಇಲ್ಲ. ಮುಂದಿನ ಸಲ ಆಸ್ಪತ್ರೆಗೆ ಕರೆದೊಯ್ಯಲು ಆಲ್ದೂರಿನ ಗ್ಯಾರೇಜಿನ ಭಾಯಿ ತಮ್ಮದೇ ಗಾಡಿ ತಂದರು. ಅಪ್ಪನ ಕಾಲದಿಂದ ನಮ್ಮ ಜೀಪಿಗೆ ಜೀವ ತುಂಬಿದವರು ಅವರು. ತಮ್ಮ ಮಂಚದಿಂದ ಏಳಲಿಲ್ಲ.

"ನಾನು ಬರಲ್ಲ. ಸಾಕು."

"ಏನು ಸಾಕು? ಏಳೋ."

"ಜೀಪ್ ಇತ್ತು, ನಾನೇ ಹೊಡ್ಕಂಡು ಹೋಗ್ತಿದ್ದೆ, ಬರ್ತಿದ್ದೆ. ಈಗ ಹೆಣ ಸಾಗಿಸ್ದಂಗೆ ಸಾಗಿಸ್ತೀರ. ಹೋಗದೇ ಇದ್ರೆ ಏನಾಗುತ್ತೆ ಅಂತ ಡಾಕ್ಟ್ರ ಹತ್ರ ಕೇಳಿದೀನಿ. ಬೇಗ ಆಗುತ್ತಂತೆ."

ಕೋಪ ಬಂದರೆ ನನ್ನ ಕೈ ಸುಮ್ಮನಿರುವುದಿಲ್ಲ. ಸೀದಾ ಅಟ್ಟ ಹತ್ತಿ ಆ ಟ್ರಂಕನ್ನು ಎಳೆದುಕೊಂಡು ಬಂದೆ. "ನೀನೇ ಬೇಡ ಅಂದ್ಮೇಲೆ ಈ ಗುಜರಿ ಯಾಕೆ? ಒಲೆಗೆ ಹಾಕ್ತೀನಿ" ಎಂದು ಅವನ ಮಂಚದ ಮುಂದೆ ಬೋರಲು ಸುರಿದೆ. ರೆಕ್ಕೆಗಳು, ತಂತಿಗಳು, ಪುಟ್ಟ ಪುಟ್ಟ ಕೀಲುಗಳು. ಒಂದು ರಬ್ಬರ್ ಚಕ್ರ ಉರುಳಿ ಮಂಚದ ಕಾಲಿಗೆ ತಗುಲಿ ಬಿತ್ತು. ಅವನು ಬಗ್ಗಿ ಅದನ್ನು ಎತ್ತಿಕೊಂಡು ತುಂಬಾ ಹೊತ್ತು ನೋಡಿದ.

"ಇದು ನಮ್ ಜೀಪಿನ ಚಕ್ರದ ಎಂಟರಲ್ಲೊಂದು ಪಾಲಿದೆ ನೋಡು" ಎಂದ.

ನಾನು ಬಾಯಿ ಮುಚ್ಚಿಕೊಂಡೆ. ನನ್ನ ಜನ್ಮದಲ್ಲಿ ಸರಿಯಾದ ಹೊತ್ತಿಗೆ ಬಾಯಿ ಮುಚ್ಚಿಕೊಂಡದ್ದು ಅದೊಂದೇ ಸಲ ಇರಬೇಕು. ಅಳತೆಗೆ ಸರಿಯಾಗಿ ಆ ಜೀಪನ್ನೇ ಸಣ್ಣದಾಗಿ ಕಟ್ಟುತ್ತೇನೆ, ವಿಮಾನದ ಸಾಮಾನಲ್ಲೇ, ಹೊರಗಿನಿಂದ ಏನೂ ತರುವುದಿಲ್ಲ ಎಂದ. ಕಟ್ಟು, ಆದರೆ ಅದು ಮುಗಿಯುವ ತನಕ ಆಸ್ಪತ್ರೆಗೆ ಬರಬೇಕು ಎಂದೆ.

"ಮುಗಿದ್ಮೇಲೆ ಕೇಳ್ಬಾರ್ದು."

"ಕೇಳಲ್ಲ."

"ಆಣೆ?"

"ಆಣೆ."

ಬಾಗಿಲಲ್ಲಿ ನಿಂತಿದ್ದ ಭಾಯಿ ಇಬ್ಬರ ಮುಖವನ್ನೂ ನೋಡಿ, "ಯಾ ಅಲ್ಲಾ, ಇದೆಂಥ ವ್ಯಾಪಾರ" ಎಂದು ಗಾಡಿ ತಿರುಗಿಸಲು ಹೋದರು.

ಸೂಜಿ ಚುಚ್ಚಿಸಿಕೊಳ್ಳುವ ಅವನ ಎಡಗೈ ಊದಿಕೊಂಡು ನಾರುಬೇರಿನಂತೆ ಗಂಟುಗಂಟಾಗಿತ್ತು, ಭಾರ ಎತ್ತುವಂತಿರಲಿಲ್ಲ. ಬಲಗೈ ನಡುಗುತ್ತಿತ್ತು. ಹಾಗಾಗಿ ಹಿಡಿಯುವುದು, ಕೊಯ್ಯುವುದು ನಾನು, ಬೈಯುವುದು ಅವನು. ಶೆಡ್ಡಿನಲ್ಲಿ ಬಿದ್ದಿದ್ದ ಜೀಪಿನ ಬಲಗಡೆಯನ್ನು ಟೇಪು ಹಿಡಿದು ಅಳೆದೆವು. ಎಡಗಡೆ ಉಳಿದಿರಲಿಲ್ಲವಲ್ಲ, ಅದಕ್ಕೂ ಬಲಗಡೆಯ ಅಳತೆಯೇ. ರೆಕ್ಕೆಯೊಳಗಿನ ಉದ್ದನೆಯ ಪಟ್ಟಿಗಳು ಚಾಸಿ ಆದವು. ಎರಡು ವಿಮಾನಗಳ ನಾಲ್ಕು ಚಕ್ರ ಜೀಪಿನ ಚಕ್ರಗಳಾದವು. ಬಾಲದ ಪುಟ್ಟ ಚಕ್ರದ ಸುತ್ತುಬಳೆಯನ್ನು ಬಿಡಿಸಿ ಸ್ಟಿಯರಿಂಗ್ ಮಾಡಿದ. ಪೈಲಟ್ ಕೂರುವ ಜಾಗದ ಪಾರದರ್ಶಕ ಮುಚ್ಚಳ ಮುಂದಿನ ಗಾಜಾಯಿತು. ರೆಕ್ಕೆ ಮಡಿಸುವ ಕೀಲುಗಳು ಹಿಂದಕ್ಕೆ ಬೀಳಿಸುವ ಡಾಲಾ ಬಾಗಿಲಿಗೆ. ಒಂದು ರೆಕ್ಕೆ ಕೊಯ್ಯುವಾಗ ನನ್ನ ಕೈ ಹಿಂದೆ ಸರಿಯಿತು. ಅದು ಅವನು ಕಟ್ಟಿದ ಮೊದಲ ವಿಮಾನದ್ದು, ಮರಕ್ಕೆ ಸಿಕ್ಕದೆ ವಾಪಸು ಬಂದ ಒಂದೇ ಒಂದು. "ಕೊಯ್ಯಿ, ಇನ್ಯಾರು ಹಾರಿಸ್ತಾರೆ" ಎಂದ. ಕೊಯ್ದೆ.

ಕೆಲಸ ಬೇಗ ಬೇಗ ಸಾಗತೊಡಗಿದಾಗ ನನಗೆ ಹೆದರಿಕೆಯಾಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಸಾಮಾನು ಕಳೆಯಲು ಶುರುವಾಯಿತು. ಸ್ಕ್ರೂ ಗುಡಿಸುವಾಗ ಹೋಯಿತು. ಅಂಟಿನ ಮುಚ್ಚಳ ಹಾಕಲು ಮರೆತು ಅಂಟು ಕಲ್ಲಾಯಿತು. ಒಣಗಲು ಇಟ್ಟ ಬಾನೆಟ್ಟನ್ನು ಬೆಕ್ಕು ತುಳಿಯಿತು, ಪಾಪ, ಬೆಕ್ಕಿನ ತಪ್ಪೇನೂ ಇರಲಿಲ್ಲ. ಇದನ್ನು ಹೇಳಲು ನನಗೆ ಯಾವ ನಾಚಿಕೆಯೂ ಇಲ್ಲ. ಹುಚ್ಚು ಬಿಡೋವರೆಗೆ ಮದುವೆ ಆಗಲ್ಲ, ಮದುವೆ ಆಗೋವರೆಗೆ ಹುಚ್ಚು ಬಿಡಲ್ಲ ಎನ್ನುತ್ತಾರಲ್ಲ, ಹಾಗೆ ಆ ಜೀಪು ಮುಗಿಯಬಾರದು, ಇವನು ಆಸ್ಪತ್ರೆ ಬಿಡಬಾರದು, ನನಗೆ ಬೇಕಿದ್ದದ್ದು ಅಷ್ಟೇ.

ಆದರೂ ಎಷ್ಟೆಂದು ಕಳೆಯುವುದು? ಒಂದು ದಿನ ಜೀಪು ನಾಲ್ಕು ಚಕ್ರದ ಮೇಲೆ ಎದ್ದು ನಿಂತುಬಿಟ್ಟಿತು. ಅಚ್ಚು ನಮ್ಮದೇ. ಬಣ್ಣ ಒಂದು ಬಾಕಿ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಹ್ಯಾಂಡ್ ಬ್ರೇಕ್ ಇಲ್ಲ" ಎಂದ.

"ಅದ್ರಲ್ಲಿ ಯಾವತ್ತು ಇತ್ತು?"

"ಅದ್ರಲ್ಲಿ ಇರ್ಲಿಲ್ಲ, ಇದ್ರಲ್ಲಿ ಇರುತ್ತೆ. ಹಿಡಿಯೋ ಬ್ರೇಕ್."

ಭಾಯಿ ಕೇಳಿ ಬಿದ್ದು ಬಿದ್ದು ನಕ್ಕರು. "ಈ ಬೆಟ್ಟದಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯೋ ಜೀಪ್ ನಾನಿನ್ನೂ ನೋಡಿಲ್ಲಪ್ಪ. ಮಾಡು, ನೋಡಿ ಸಾಯ್ತೀನಿ." ಸಾಯುವ ಮಾತು ಬಾಯಿಗೆ ಬಂದದ್ದಕ್ಕೆ ಪಾಪ, ಕೆನ್ನೆ ಕೆನ್ನೆ ಬಡಿದುಕೊಂಡರು.

ಹಿಂದಿನ ಆಕ್ಸಲ್ಲಿಗೆ ಮರದ ಒಂದು ಸಣ್ಣ ಗಾಲಿ, ಅದರ ಸುತ್ತ ವಿಮಾನದ ಟ್ಯಾಂಕಿನ ರಬ್ಬರ್ ನಳಿಕೆಯಿಂದ ಕೊಯ್ದ ಪಟ್ಟಿ, ಅದನ್ನು ಬಿಗಿಯಲು ಬಾಲ ಆಡಿಸುವ ತಂತಿ, ತಂತಿಯ ತುದಿಗೆ ಬೆಂಕಿಕಡ್ಡಿಯಷ್ಟು ಲಿವರ್. ಕಾಫಿ ಹರಡುವ ಹಲಗೆಯನ್ನು ಓರೆಯಾಗಿಟ್ಟು ಜೀಪನ್ನು ಅದರ ಮೇಲೆ ನಿಲ್ಲಿಸಿ ಲಿವರ್ ಎಳೆದ. ಮೊದಲೆರಡು ಸಲ ಜಾರಿತು. ಆಮೇಲೆ ಹಿಡಿಯಿತು. ನಾನು ಕಣ್ಣಾರೆ ನೋಡಿದೆ, ಹಿಡಿಯಿತು. ಅವನೂ ನೋಡಿದ. ನೋಡಿ, "ಸಾಲ್ದು" ಎಂದು ಎಲ್ಲವನ್ನೂ ಬಿಚ್ಚಿದ. ಮತ್ತೆ ಕಟ್ಟಿದ, ಮತ್ತೆ ಹಿಡಿಯಿತು, ಮತ್ತೆ ಸಾಲದು. ವಾರಗಳು ಹೋದವು. ಆಸ್ಪತ್ರೆಗೆ ಹೋಗಿ ಬರುವುದು, ವಾಂತಿ ಮಾಡಿಕೊಂಡು ಮಲಗುವುದು, ಎದ್ದು ಆ ಬ್ರೇಕ್ ಬಿಚ್ಚುವುದು. ನಾನು ಸಾಮಾನು ಕಳೆಯುವುದನ್ನು ನಿಲ್ಲಿಸಿದ್ದೆ. ಆ ಕೆಲಸವನ್ನು ಈಗ ಅವನು ಮಾಡುತ್ತಿದ್ದ, ನನಗೋಸ್ಕರ. ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ.

ಒಂದು ಸಂಜೆ ಬ್ರೇಕ್ ಕಟ್ಟಿ, ಹಲಗೆಯ ಮೇಲೆ ನಿಲ್ಲಿಸಿ, ಬಿಚ್ಚಲಿಲ್ಲ. ಕೈಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಕಡೆ ನೋಡಿದ. ಕಾಲು ಊದಿ ಚರ್ಮ ಹೊಳೆಯುತ್ತಿತ್ತು.

"ಸಾಕಲ್ವೇನೇ ಅಕ್ಕ?"

"ಬಣ್ಣ ಹೊಡ್ದಿಲ್ವಲ್ಲ ಇನ್ನೂ" ಎಂದೆ.

"ಬಣ್ಣ ನೀನು ಹೊಡಿ. ಆತುರ ಇಲ್ಲ."

ಲಿವರನ್ನು ಇನ್ನೊಂದು ಸಲ ಬೆರಳಿಂದ ಒತ್ತಿ ನೋಡಿದ. ಜೇಬಿನಿಂದ ಹುಣಸೆಬೀಜದಷ್ಟು ದೊಡ್ಡ ಒಂದು ಬೆಣಚುಕಲ್ಲು ತೆಗೆದು ಹಿಂದಿನ ಚಕ್ರದ ಬುಡಕ್ಕೆ ಕೊಟ್ಟ. "ಬ್ರೇಕ್ ಇದ್ರೂ ಕಲ್ಲು ಕೊಡೋದು ಬಿಡ್ಬಾರ್ದು" ಎಂದು ಹೋಗಿ ಮಲಗಿದ.

ಭಾಯಿ ಗಾಡಿ ತಂದಾಗ ನಾನೇ ಅಂಗಳಕ್ಕೆ ಹೋಗಿ ಇವತ್ತು ಬೇಡ ಎಂದೆ. ಆಣೆ ಆಣೆಯೇ. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಜಗಲಿಯ ಮೇಲೆ ಕೂತರು, ಮಧ್ಯಾಹ್ನದವರೆಗೂ ಏಳಲಿಲ್ಲ. ಡಾಕ್ಟರು ಹೇಳಿದ್ದು ಸುಳ್ಳಾಗಲಿಲ್ಲ, ಬೇಗ ಆಯಿತು. ಸುಲಭವಾಗಿ ಮಾತ್ರ ಆಗಲಿಲ್ಲ. ಮೇಲುಸಿರು ಬಿಡುವವನ ಬೆನ್ನು ಹಿಡಿದು ಕೂರಿಸಿಕೊಂಡು, ಆಸ್ಪತ್ರೆಗೆ ಹೋಗೋಣ ಕಣೋ ಎಂದು ಬಾಯಿಗೆ ಬಂದದ್ದನ್ನು ನಾನು ನುಂಗಿಕೊಂಡೆ.

ಅಪ್ಪನ ಜೀಪಿನ ಹಸಿರು ಬಣ್ಣವನ್ನೇ ತಂದು ಬಳಿದೆ. ಲಿವರಿಗೆ ಕೈ ತಾಗಿಸದೆ ಅದರ ಸುತ್ತ ಬಳಿದೆ. ಮಳೆ ಹಿಡಿದಿತ್ತು, ಬಣ್ಣ ಒಣಗಲು ತುಂಬಾ ದಿನ ತೆಗೆದುಕೊಂಡಿತು.

ಹಿರಿಯರಿಗೆ ಎಡೆ ಇಡುವ ದಿನ ಬಂತು. ಸತ್ತವರಿಗೆ ಇಷ್ಟವಾದದ್ದನ್ನು ಎಲೆಯಲ್ಲಿ ಬಡಿಸಿ, ಇಷ್ಟವಾದ ವಸ್ತುವನ್ನು ಪಕ್ಕದಲ್ಲಿಟ್ಟು, ಬಾಗಿಲು ಮುಂದಕ್ಕೆಳೆದು ಮನೆಮಂದಿಯೆಲ್ಲ ಹೊರಗೆ ಕಾಯುತ್ತೇವೆ, ಅವರು ಬಂದು ಉಂಡು ಹೋಗಲಿ ಎಂದು. ನಾನು ಇದನ್ನೆಲ್ಲ ನಂಬುವವಳಲ್ಲ. ಗಂಡ ಸತ್ತಾಗಲೇ, ಬದುಕಿದ್ದಾಗ ಹೊತ್ತಿಗೆ ಸರಿಯಾಗಿ ಮನೆಗೆ ಬರದವನು ಈಗ ಬರುತ್ತಾನಾ ಎಂದು ಹೇಳಿ ಅತ್ತೆಯ ಕೈಯಲ್ಲಿ ಬೈಸಿಕೊಂಡವಳು. ಆದರೂ ಕಡುಬು ಮಾಡಿದೆ, ಕೋಳಿಸಾರು ಮಾಡಿದೆ. ದೊಡ್ಡ ಚೊಂಬಿನಲ್ಲಿ ಅಂಚಿನವರೆಗೆ ನೀರು ತುಂಬಿಟ್ಟೆ. ಪಕ್ಕದಲ್ಲಿ ಜೀಪು ನಿಲ್ಲಿಸಿ ಕಲ್ಲು ಕೊಟ್ಟೆ. ನಮ್ಮ ಪಡಸಾಲೆಯ ನೆಲ ತೊಳೆದ ನೀರು ಹರಿಯಲೆಂದು ಬಾಗಿಲ ಕಡೆಗೆ ಇಳಿಜಾರು. ಎಡೆಗೆಂದು ಬಂದಿದ್ದ ಚಿಕ್ಕಪ್ಪ ಊದುಬತ್ತಿ ಹಚ್ಚುತ್ತಿದ್ದರು. ಅವರಿಗೆ ಕಾಣದಂತೆ ನಾನು ಚಕ್ರದ ಬುಡದ ಬೆಣಚುಕಲ್ಲನ್ನು ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡೆ. ಅವನು ಬಂದರೆ ಹೊಡೆದುಕೊಂಡು ಹೋಗಲಿ. ಬರದಿದ್ದರೆ ಬ್ರೇಕ್ ಜಾರಿ ತಾನಾಗಿಯಾದರೂ ಉರುಳಲಿ, ಬಾಗಿಲು ತೆರೆದಾಗ ಅದು ಇಟ್ಟಲ್ಲಿ ಇರಬಾರದು. ನನಗೆ ಬೇಕಿದ್ದದ್ದು ಅಷ್ಟು ಮೋಸ ಮಾತ್ರ.

ಅಂಗಳದಲ್ಲಿ ನಿಂತೆವು. ಸಣ್ಣ ಮಳೆ. ಕಿವಿಯೆಲ್ಲ ಒಳಗೇ ಇತ್ತು. ಚಿಕ್ಕಪ್ಪ ಒಂದು ಸಲ ಕೆಮ್ಮಿ, ಒಳಗಿದ್ದವರು ಎದ್ದು ಹೋಗಲೆಂದು ಸ್ವಲ್ಪ ತಡೆದು ಬಾಗಿಲು ನೂಕಿದರು.

ಕಡುಬು ಹಾಗೇ ಇತ್ತು. ಚೊಂಬಿನ ನೀರು ಅಂಚಿನವರೆಗೆ ಹಾಗೇ ಇತ್ತು. ಜೀಪು ಇಟ್ಟಲ್ಲಿಂದ ಕೂದಲೆಳೆಯಷ್ಟೂ ಸರಿದಿರಲಿಲ್ಲ. ಮಂಡಿಯೂರಿ ನೋಡಿದೆ. ಲಿವರ್ ಮೇಲಕ್ಕಿತ್ತು, ಆ ಸಂಜೆ ಅವನು ಎಳೆದಿಟ್ಟಂತೆಯೇ.

"ಅವ್ರು ಮುಟ್ಟಲ್ಲ ಮಗಾ, ವಾಸ್ನೆ ತಗಂಡು ಹೋಗ್ತಾರೆ. ಬಂದಿದ್ದ ಬಿಡು" ಎಂದರು ಚಿಕ್ಕಪ್ಪ.

"ಬಂದಿಲ್ಲ ಚಿಕ್ಕಪ್ಪ. ಬಂದಿದ್ರೆ ಬ್ರೇಕ್ ತೆಗೀತಿದ್ದ."

ಅಭ್ಯಾಸಬಲ, ಮುಷ್ಟಿಯಲ್ಲಿದ್ದ ಕಲ್ಲನ್ನು ಮತ್ತೆ ಚಕ್ರದ ಬುಡಕ್ಕೆ ಕೊಟ್ಟೆ. ಬೇಕಿರಲಿಲ್ಲ. ಬ್ರೇಕ್ ಹಿಡಿದಿತ್ತು.